ಒಂದೇ ಸ್ಕೀ ಮೇಲೆ ನಿಲ್ಲೋದು ಬಂತು, ಈಗ ಯಾವ ಅಳತೆಯದು ಕೊಳ್ಳಬೇಕು?

ಪ್ರಶ್ನೆ: ನಮ್ಮ ಊರು ಶಿವಮೊಗ್ಗ, ಈಗ ಅಮೆರಿಕದ ಮಿನೆಸೋಟಾದಲ್ಲಿದ್ದೇನೆ. ಎತ್ತರ 5 ಅಡಿ 9 ಇಂಚು, ತೂಕ 86 ಕಿಲೋ. ಗೆಳೆಯರ ಟ್ರೈಟೂನ್ (ಮೂರು ಉದ್ದ ಕೊಳವೆಗಳ ಮೇಲೆ ತೇಲುವ) ಬೋಟಿನ ಹಿಂದೆ ವಾಟರ್ ಸ್ಕೀ ಕಲಿತೆ. ಹೋದ ಬೇಸಿಗೆಯಲ್ಲಿ ಒಂದು ಸ್ಕೀ ಬಿಟ್ಟು ಇನ್ನೊಂದರ ಮೇಲೆ ನಿಲ್ಲೋದು ಬಂತು. ಈಗ ಒಂದರ ಮೇಲೇ ನೀರಿನಿಂದ ಏಳುತ್ತೇನೆ, ಕೆಲವು ಸಲ ತಪ್ಪುತ್ತದೆ. ಬಳಸುತ್ತಿರುವುದು ಹಳೆಯ ಕಾಂಬೋ ಜೋಡಿಯ (ಎರಡೂ ಕಾಲಿಗೆ ಹಾಕಬಹುದು, ಒಂದನ್ನೇ ಬಳಸಲೂಬಹುದು) 67 ಇಂಚಿನದು. ಬೋಟು ಗಂಟೆಗೆ 30 ಮೈಲಿ ಹೋಗುತ್ತದೆ ಅಂತಾರೆ. ಪರಿಚಯದವರೊಬ್ಬರು 66 ಇಂಚಿನ ಕಾರ್ಬನ್ ಟೂರ್ನಮೆಂಟ್ ಸ್ಕೀಯನ್ನು 400 ಡಾಲರ್‌ಗೆ ಕೊಡುತ್ತೇನೆ ಅಂದಿದ್ದಾರೆ. "ಒಳ್ಳೆ ಸ್ಕೀ ಇದ್ದರೆ ಬೇಗ ಕಲೀತೀರಿ" ಅನ್ನೋದು ಅವರ ಮಾತು. ತೆಗೆದುಕೊಳ್ಳಲಾ? 58 ಕಿಲೋ ತೂಕದ ನನ್ನ ಹೆಂಡತಿಯೂ ಅದನ್ನೇ ಬಳಸಬಹುದಾ?

ಉತ್ತರ: ತೆಗೆದುಕೊಳ್ಳಬೇಡಿ. ಬೆಲೆ ಅಗ್ಗ, ನಿಜ. ಸ್ಕೀಯೂ ಚೆನ್ನಾಗಿಯೇ ಇರಬಹುದು. ಆದರೆ ಅದು ನಿಮ್ಮ ತೂಕಕ್ಕೂ ನಿಮ್ಮ ಬೋಟಿಗೂ ಹೊಂದುವ ವಸ್ತುವಲ್ಲ. ನಿಮಗೆ ಬೇಕಿರುವುದು 69 ಇಂಚಿನ, ಅಗಲ ಜಾಸ್ತಿ ಇರುವ ಸ್ಕೀ. ನಿಮ್ಮ ಮನೆಯವರಿಗೆ ಬೇರೆಯದೇ ಬೇಕು, ಅದಕ್ಕೆ ಆಮೇಲೆ ಬರುತ್ತೇನೆ.

ಸ್ಕೀ ಕೊಳ್ಳುವವರು ಮೊದಲು ಕೇಳೋದು "ನನ್ನ ಎತ್ತರಕ್ಕೆ ಯಾವುದು?" ಅಂತ. ಹಿಮದ ಸ್ಕೀ ನೋಡಿದವರಿಗೆ ಹಾಗೆ ಅನ್ನಿಸುವುದು ಸಹಜ. ನೀರಿನಲ್ಲಿ ಎತ್ತರಕ್ಕೆ ಅಂಥ ಬೆಲೆಯಿಲ್ಲ. ನೀರಿಗೆ ಗೊತ್ತಾಗುವುದು ಎರಡೇ: ಮೇಲೆ ನಿಂತವರ ತೂಕ ಎಷ್ಟು, ಸ್ಕೀ ಎಷ್ಟು ವೇಗವಾಗಿ ಬರುತ್ತಿದೆ. ಇವೆರಡರಲ್ಲಿ ತೂಕವನ್ನು ಎಲ್ಲರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ವೇಗವನ್ನು ಮರೆಯುತ್ತಾರೆ. ಎಡವುವುದು ಅಲ್ಲೇ.

ನೀರು ಸ್ಕೀಯನ್ನು ಮೇಲಕ್ಕೆ ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಸ್ಕೀಯ ತಳ ಎಷ್ಟು ದೊಡ್ಡದು ಅನ್ನುವುದಕ್ಕೂ ತಕ್ಕಂತೆ ಏರುತ್ತದೆ. ಗಂಟೆಗೆ 34 ಮೈಲಿ, ಅಂದರೆ ಸುಮಾರು 55 ಕಿಲೋಮೀಟರ್ ವೇಗದಲ್ಲಿ ಒಂದು ಸ್ಕೀ ನಿಮ್ಮನ್ನು ಆರಾಮವಾಗಿ ಹೊರುತ್ತದೆ ಅಂದುಕೊಳ್ಳಿ. ಅದೇ ಸ್ಕೀ 28 ಮೈಲಿಗೆ ಇಳಿದರೆ ಎತ್ತುವ ಬಲ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲಾಗುತ್ತದೆ. ಕಡಿಮೆಯಾಗಿದ್ದು ಆರೇ ಮೈಲಿ, ಹೋಗಿದ್ದು ಮೂರನೇ ಒಂದು ಪಾಲು ಬಲ. ನಿಮ್ಮ ತೂಕವೇನೂ ಇಳಿದಿಲ್ಲವಲ್ಲ. ಹಾಗಾಗಿ ಸ್ಕೀ ಮುಳುಗುತ್ತದೆ, ಬಾಲ ತಗ್ಗಿ ಮೂತಿ ಮೇಲಾಗುತ್ತದೆ, ನೀರನ್ನು ಉಳುತ್ತಾ ಬರುತ್ತದೆ. ಆ ಎಳೆತವನ್ನೆಲ್ಲ ನಿಮ್ಮ ತೋಳು, ಸೊಂಟ, ಹಿಂದಿನ ತೊಡೆ ತಡೆದುಕೊಳ್ಳಬೇಕು. ಕಳೆದುಕೊಂಡ ಬಲವನ್ನು ವಾಪಸ್ ಪಡೆಯುವ ದಾರಿ ಎಂದರೆ ತಳ ದೊಡ್ಡದು ಮಾಡುವುದು.

ನೀವಿರುವ ರಾಜ್ಯದಲ್ಲೇ ಈ ಆಟ ಹುಟ್ಟಿದ್ದು, ಅದೂ ಇದೇ ತೊಂದರೆ ಬಿಡಿಸಿಕೊಂಡು. 1922ರಲ್ಲಿ ಲೇಕ್ ಸಿಟಿಯ ರಾಲ್ಫ್ ಸ್ಯಾಮುಯೆಲ್ಸನ್ ಅನ್ನುವ ಹುಡುಗ ಪೆಪಿನ್ ಸರೋವರದಲ್ಲಿ ಮೊದಲು ಪೀಪಾಯಿಯ ಹಲಗೆ ಕಟ್ಟಿಕೊಂಡು ನೋಡಿದ, ಆಮೇಲೆ ಹಿಮದ ಸ್ಕೀ ಹಾಕಿಕೊಂಡು ನೋಡಿದ. ಎರಡೂ ಮುಳುಗಿದವು. ಕೊನೆಗೆ 8 ಅಡಿ ಉದ್ದ, 9 ಇಂಚು ಅಗಲದ ಹಲಗೆ ತಂದು, ಅದರ ತುದಿಯನ್ನು ಅಮ್ಮನ ಬಟ್ಟೆ ಕುದಿಸುವ ಪಾತ್ರೆಯಲ್ಲಿ ಬೇಯಿಸಿ ಬಗ್ಗಿಸಿದ. ಜುಲೈ 2ರಂದು ಅದರ ಮೇಲೆ ನಿಂತ. ಮಾರನೆಯ ದಿನಕ್ಕೆ ಅವನಿಗೆ 19 ತುಂಬಿತು. ಬೋಟಿಗೆ ವೇಗವಿಲ್ಲದಿದ್ದರೆ ಹಲಗೆಗೆ ಅಗಲ ಬೇಕು. ನೂರು ವರ್ಷದಲ್ಲಿ ಮರ ಹೋಗಿ ಕಾರ್ಬನ್ ಬಂದಿದೆ, ಲೆಕ್ಕ ಮಾತ್ರ ಅದೇ.

ಈಗ ನಿಮ್ಮ 30 ಮೈಲಿಯ ವಿಷಯ. ನನಗೆ ಅದರ ಮೇಲೆ ಅನುಮಾನ ಇದೆ. ಟ್ರೈಟೂನ್ ಅಂದರೆ ಕುಟುಂಬ ಸಮೇತ ಕೂತು ಹೋಗುವ ಬೋಟು. ಇಬ್ಬರೇ ಇದ್ದಾಗ 30 ತೋರಿಸಬಹುದು. ಎಂಟು ಜನ, ಐಸ್ ಡಬ್ಬಿ, ಮಕ್ಕಳು, ಹಿಂದೆ ಹಗ್ಗದಲ್ಲಿ 86 ಕಿಲೋ. ಆಗ ಎಷ್ಟು ಹೋಗುತ್ತದೆ? ಹಳೆಯ ಬೋಟುಗಳ ಸ್ಪೀಡೋಮೀಟರ್ ನೀರಿನ ಒತ್ತಡ ಅಳೆದು ವೇಗ ಹೇಳುವಂಥದ್ದು, ಅದನ್ನು ಪೂರ್ತಿ ನಂಬುವ ಹಾಗಿಲ್ಲ. ಸುಮ್ನೆ ಒಂದು ಕೆಲಸ ಮಾಡಿ. ನೀವು ಹಿಂದೆ ಸ್ಕೀ ಮೇಲಿರುವಾಗ ಬೋಟಿನಲ್ಲಿ ಕೂತವರೊಬ್ಬರು ಫೋನಿನ ಜಿಪಿಎಸ್‌ನಲ್ಲಿ ವೇಗ ನೋಡಿ ಬರೆದುಕೊಳ್ಳಲಿ. ನೀವು ಪಕ್ಕಕ್ಕೆ ಜೋರಾಗಿ ಎಳೆದಾಗ ಎಷ್ಟಕ್ಕೆ ಬೀಳುತ್ತದೆ ಅನ್ನುವುದನ್ನೂ ನೋಡಲಿ. 26 ಅಥವಾ 27 ಬಂದರೆ ನನಗೆ ಆಶ್ಚರ್ಯವಿಲ್ಲ. ಸ್ಕೀ ಕೊಳ್ಳಬೇಕಾದ್ದು ಆ ಸಂಖ್ಯೆಗೆ.

ಕಂಪನಿಗಳ ಪಟ್ಟಿ ಒಂದೊಂದೂ ಸ್ವಲ್ಪ ಬೇರೆ. ಆದರೆ ಗಂಟೆಗೆ 26ರಿಂದ 30 ಮೈಲಿಯಲ್ಲಿ, ಅಗಲ ಸ್ಕೀಗಳ ಮಟ್ಟಿಗೆ, ನಾನು ಹೇಳುವ ಅಂದಾಜು ಇದು. 60 ಕಿಲೋ ಒಳಗಿನವರಿಗೆ 65 ಇಂಚು. 60ರಿಂದ 80 ಕಿಲೋವರೆಗೆ 67. 80 ದಾಟಿ 100ರವರೆಗೆ 69. ಅದಕ್ಕೂ ಮೇಲೆ 71. ಗಡಿಯಲ್ಲಿದ್ದರೆ ವೇಗ ನೋಡಿ ತೀರ್ಮಾನ ಮಾಡಿ: ನಿಧಾನದ ಬೋಟಾದರೆ ದೊಡ್ಡದು, ಜೋರಿನ ಬೋಟಾದರೆ ಚಿಕ್ಕದು. ತೂಕ ಹೇಳುವಾಗ ಮದುವೆಯ ಕಾಲದ ತೂಕ ಹೇಳಬೇಡಿ. ಅಂಗಡಿಯಲ್ಲಿ ಇದು ದಿನಾ ನಡೆಯುವ ಕಥೆ. ಪೌಂಡ್ ಲೆಕ್ಕದಲ್ಲಿ ನೀವು 190. ಪಟ್ಟಿಯೆಲ್ಲ ಪೌಂಡ್‌ನಲ್ಲೇ ಇರುತ್ತದೆ.

ಉದ್ದಕ್ಕಿಂತಲೂ ಜನ ಕಡಿಮೆ ಗಮನ ಕೊಡುವುದು ಅಗಲಕ್ಕೆ. ನಿಮಗೆ ಮುಖ್ಯವಾದದ್ದು ಅದೇ. ಈಗ ಸಿಗುವ ಸ್ಲಾಲಮ್ ಸ್ಕೀಗಳಲ್ಲಿ, ಅಂದರೆ ಎರಡೂ ಕಾಲು ಒಂದರ ಮೇಲೇ ಇಡುವ ಸ್ಕೀಗಳಲ್ಲಿ, ಸ್ಥೂಲವಾಗಿ ಮೂರು ಬಗೆ ಇವೆ. ಟೂರ್ನಮೆಂಟ್ ಸ್ಕೀ ಕಿರಿದು. ಅಗಲ ಸ್ಕೀ ಅದಕ್ಕಿಂತ ಅರ್ಧ ಇಂಚು, ಕೆಲವು ಒಂದು ಇಂಚಿನಷ್ಟೇ ಜಾಸ್ತಿ. ಕೇಳೋಕೆ ಏನೂ ಅಲ್ಲ. ನೀರಿನ ಮೇಲೆ ನಿಂತರೆ ಗೊತ್ತಾಗುತ್ತದೆ, ಅದು ಬೇರೆಯದೇ ವಸ್ತು. ಇವೆರಡರ ನಡುವೆ ಮಧ್ಯಮ ಅಗಲದ್ದು ಒಂದಿದೆ. ರೇಡಾರ್ ಕಂಪನಿಯದೇ ತೆಗೆದುಕೊಂಡರೆ ವೇಪರ್ ಕಿರಿದು, ಸೆನೇಟ್ ಮಧ್ಯಮ, ಕಟಾನಾ ಅಗಲ. ಎಚ್‌ಒ ಕಂಪನಿಯ ಓಮ್ನಿಯೂ ಅಗಲದ ಕಡೆಯದೇ. ಕಾನೆಲಿ, ಓಬ್ರಿಯನ್ ಕಂಪನಿಗಳಲ್ಲೂ ಇಂಥವು ಇವೆ. ನೀವು 27 ಮೈಲಿಯವರಾದರೆ ಅಗಲದ್ದು, ನಿಜವಾಗಿ 30 ಮುಟ್ಟುವವರಾದರೆ ಮಧ್ಯಮದ್ದೂ ನಡೆಯುತ್ತದೆ.

ಅಗಲದ್ದು ತೆಗೆದುಕೊಂಡರೆ "ಕಲಿಯುವವರ ಸ್ಕೀ" ಅಂತ ಯಾರಾದರೂ ನಗಬಹುದು. ನಗಲಿ. ಹತ್ತಾರು ವರ್ಷ ಸ್ಪರ್ಧೆಗಳಲ್ಲಿ ಇಳಿದವರೂ ವಯಸ್ಸಾದ ಮೇಲೆ ವೇಗ ಇಳಿಸಿ, ಮಂಡಿ ಉಳಿಸಿಕೊಳ್ಳಲು ಅಗಲ ಸ್ಕೀಗೆ ಬರುತ್ತಾರೆ.

ನೀವು ಈಗ ಬಳಸುತ್ತಿರುವ ಕಾಂಬೋ ಸ್ಕೀಗೂ ನಿಜವಾದ ಸ್ಲಾಲಮ್ ಸ್ಕೀಗೂ ಏನು ವ್ಯತ್ಯಾಸ ಅಂತ ಕೇಳಬಹುದು. ಎರಡನ್ನೂ ಮಗುಚಿ ಪಕ್ಕಪಕ್ಕ ಇಡಿ. ಕಾಂಬೋದ ತಳ ಹೆಚ್ಚುಕಡಿಮೆ ಚಪ್ಪಟೆ, ಫಿನ್ (ಬಾಲದ ಕೆಳಗಿನ ರೆಕ್ಕೆ) ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನದು, ಚಿಕ್ಕದು. ಸ್ಲಾಲಮ್ ಸ್ಕೀಯ ತಳದಲ್ಲಿ ಉದ್ದಕ್ಕೂ ಒಂದು ತಗ್ಗು ಇರುತ್ತದೆ, ಬೆರಳಿಟ್ಟು ಎಳೆದರೆ ಕೈಗೆ ಸಿಗುತ್ತದೆ. ಸ್ಕೀಯನ್ನು ಓರೆ ಮಾಡಿದಾಗ ನೀರು ಆ ತಗ್ಗಿನಲ್ಲಿ ಹಿಡಿದು ನಿಲ್ಲುತ್ತದೆ. ನಿಮ್ಮ ಕಾಂಬೋ ತಿರುಗುವಾಗ ಜಾರಿದ ಹಾಗೆ, ಹಿಡಿತವೇ ಇಲ್ಲದ ಹಾಗೆ ಅನ್ನಿಸುತ್ತಿದ್ದರೆ ಕಾರಣ ಇದು. ಈ ತಗ್ಗು ತುಂಬ ಆಳವಿದ್ದರೆ, ಅಂಚು ಚೂಪಾಗಿದ್ದರೆ, ಸ್ಕೀ ಜೋರಾಗಿ ಹಿಡಿಯುತ್ತದೆ, ತಪ್ಪನ್ನೂ ಕ್ಷಮಿಸುವುದಿಲ್ಲ. ಇನ್ನೊಂದು, ಸ್ಕೀಯನ್ನು ಸಮತಟ್ಟಾದ ನೆಲದ ಮೇಲಿಟ್ಟು ಪಕ್ಕದಿಂದ ನೋಡಿ: ಮೂತಿಯಿಂದ ಬಾಲದವರೆಗೆ ಬಾಗು ಇರುತ್ತದೆ. ಬಾಗು ಜಾಸ್ತಿ ಇದ್ದರೆ ಸುಲಭವಾಗಿ ತಿರುಗುತ್ತದೆ, ಓಟ ಕಡಿಮೆ. ಚಪ್ಪಟೆ ಇದ್ದರೆ ಓಟ ಜಾಸ್ತಿ, ತಿರುಗಿಸೋಕೆ ಕಷ್ಟ.

ಆ 66 ಇಂಚಿನದು ಯಾರಿಗಾಗಿ ಮಾಡಿದ್ದು ಗೊತ್ತಾ? ಸ್ಪರ್ಧೆಯ ಸ್ಲಾಲಮ್ ಕೋರ್ಸ್ 259 ಮೀಟರ್ ಉದ್ದ. ಆರು ಬಾಯ್‌ಗಳು (ನೀರಿನ ಮೇಲೆ ತೇಲುವ ಗುರುತಿನ ಚೆಂಡುಗಳು), ಒಂದು ಎಡಕ್ಕಾದರೆ ಮುಂದಿನದು ಬಲಕ್ಕೆ, ಪ್ರತಿಯೊಂದೂ ಬೋಟಿನ ದಾರಿಯ ನಡುಗೆರೆಯಿಂದ 11.5 ಮೀಟರ್ ದೂರ. ದೊಡ್ಡ ಸ್ಪರ್ಧೆಗಳಲ್ಲಿ ಗಂಡಸರಿಗೆ ಬೋಟು ಗಂಟೆಗೆ 58 ಕಿಲೋಮೀಟರ್, ಹೆಂಗಸರಿಗೆ 55. ಅಂದರೆ ಹದಿನಾರು ಸೆಕೆಂಡಿನಲ್ಲಿ ಇಡೀ ಕೋರ್ಸ್ ಮುಗಿಯುತ್ತದೆ, ಅಷ್ಟರಲ್ಲಿ ಆರು ತಿರುವು. ಆರೂ ದಾಟಿದರೆ ಮುಂದಿನ ಸುತ್ತಿಗೆ ಹಗ್ಗ ಕಡಿಮೆ ಮಾಡುತ್ತಾರೆ: 18.25 ಮೀಟರ್, 16, 14.25, 13, 12, 11.25. ಇಲ್ಲಿ ಗಮನಿಸಿ, 11.25ಕ್ಕೆ ಬಂದಾಗ ಹಗ್ಗ ಬಾಯ್‌ಗೇ ಮುಟ್ಟುವುದಿಲ್ಲ. ಉಳಿದದ್ದನ್ನು ದೇಹ ಚಾಚಿಯೇ ತುಂಬಬೇಕು. ಆಮೇಲೂ 10.75, 10.25 ಅಂತ ಇಳಿಯುತ್ತಲೇ ಹೋಗುತ್ತದೆ. ಕಿರಿದಾದ, ಬಿಗಿಯಾದ ಕಾರ್ಬನ್ ಸ್ಕೀ ಹುಟ್ಟಿದ್ದು ಈ ಕೆಲಸಕ್ಕೆ. ಅದು ಸರಿಯಾಗಿ ಕೆಲಸ ಮಾಡೋದು ಮೇಲೆ ನಿಂತವರು ಜೋರಾಗಿ ಒತ್ತಿದಾಗ, ಬೋಟು ಜೋರಾಗಿ ಎಳೆದಾಗ. 27 ಮೈಲಿಯಲ್ಲಿ ಅದು ಬಾಗುವುದೇ ಇಲ್ಲ. ಹಲಗೆಯ ಹಾಗೆ ನಿಂತುಬಿಡುತ್ತದೆ.

ಅದರ ಮೇಲೆ ನೀವು ನೀರಿನಿಂದ ಏಳಲು ಹೋದರೆ ಆಗುವುದನ್ನೂ ಹೇಳಿಬಿಡುತ್ತೇನೆ. ಟ್ರೈಟೂನ್ ಮೆಲ್ಲಗೆ ಎಳೆಯಲು ಶುರು ಮಾಡುತ್ತದೆ, ಅದರ ಜಾಯಮಾನವೇ ಹಾಗೆ. ಕಿರಿದಾದ ಸ್ಕೀ ಮೇಲೆ ಬರಲು ಹೆಚ್ಚು ವೇಗ ಬೇಕು, ಅಷ್ಟು ವೇಗ ಬರುವವರೆಗೂ ನೀವು ಎದೆಮಟ್ಟ ನೀರನ್ನು ತಳ್ಳಿಕೊಂಡು ಬರುತ್ತೀರಿ. ಮುಖಕ್ಕೆ ನೀರು ರಾಚುತ್ತದೆ, ಕಣ್ಣು ಮುಚ್ಚುತ್ತೀರಿ, ಬೆರಳು ಸೋಲುತ್ತದೆ. ಹ್ಯಾಂಡಲ್ ಕೈಬಿಟ್ಟು ಹೋಗುತ್ತದೆ. ಮೂರು ಸಲ ಹೀಗಾದರೆ ಆವತ್ತಿನ ಆಟ ಮುಗೀತು. ಈಗ ಕೆಲವು ಸಲ ತಪ್ಪುತ್ತದೆ ಅಂದಿರಲ್ಲ, ಆಗ ಕೆಲವು ಸಲ ಮಾತ್ರ ಏಳುತ್ತೀರಿ. ಬೇಗ ಕಲಿಯುವುದು ನೀರಿನ ಮೇಲೆ ಜಾಸ್ತಿ ಹೊತ್ತು ಇದ್ದವರು. ಸ್ಕೀಯ ಬೆಲೆಯಿಂದ ಆಗುವ ಕೆಲಸವಲ್ಲ ಅದು.

ಅಳತೆ ಸರಿಯಿದೆಯಾ ಅಂತ ನೀರಿನ ಮೇಲೇ ನೋಡುವ ಒಂದು ಉಪಾಯವಿದೆ. ಬೋಟಿನ ಹಿಂದೆ ನೇರವಾಗಿ, ನೆಟ್ಟಗೆ ನಿಂತು ಬನ್ನಿ. ಬೋಟಿನ ಒಂದು ಮೂಲೆಯಲ್ಲಿ ಕೂತು ಯಾರಾದರೂ ವಿಡಿಯೋ ಮಾಡಲಿ. ಸ್ಕೀಯ ಪಕ್ಕದಿಂದ ನೀರು ಒಡೆದು ಚಿಮ್ಮುವ ಜಾಗ ಎಲ್ಲಿದೆ ನೋಡಿ. ಮುಂದಿನ ಕಾಲಿನ ಹತ್ತಿರ, ಬೂಟಿನ ತುದಿಯ ಆಸುಪಾಸಿನಲ್ಲಿ ಒಡೆಯುತ್ತಿದ್ದರೆ ಸರಿಯಿದೆ. ಅಲ್ಲಿಂದ ಮುಂದೆ, ಮೂತಿಯ ಕಡೆಗೆ ಒಡೆಯುತ್ತಿದ್ದರೆ ಸ್ಕೀ ತೀರಾ ತಗ್ಗಿದೆ, ನಿಮಗೆ ಚಿಕ್ಕದಾಯಿತು. ಮುಂದಿನ ಕಾಲಿಗಿಂತ ಹಿಂದೆ ಒಡೆಯುತ್ತಿದ್ದರೆ ದೊಡ್ಡದಾಯಿತು. ಆಗ ಸ್ಕೀ ನೀರಿನ ಮೇಲೆ ಟಪಟಪ ಬಡಿಯುತ್ತದೆ, ಓರೆ ಮಾಡಲು ಹೋದರೆ ಒಪ್ಪುವುದಿಲ್ಲ. ನೋಡುವಾಗ ಹಿಂದಿನ ಕಾಲಿನ ಮೇಲೆ ಕೂತಂತೆ ನಿಲ್ಲಬೇಡಿ, ಲೆಕ್ಕ ತಪ್ಪುತ್ತದೆ. ಈಗಿನ 67ರ ಮೇಲೇ ಈ ಪರೀಕ್ಷೆ ಮಾಡಿ ನೋಡಿ, ಕಾಸು ಖರ್ಚಿಲ್ಲ. ನೀರು ಮೂತಿಯ ಹತ್ತಿರ ಒಡೆಯುತ್ತಿರುತ್ತದೆ ಅನ್ನೋದು ನನ್ನ ಊಹೆ.

ನಿಮ್ಮ ಮನೆಯವರ ವಿಷಯ. 58 ಕಿಲೋ ಇರುವವರಿಗೆ 69ರ ಅಗಲ ಸ್ಕೀ ಕೊಟ್ಟರೆ ಅದು ಅವರನ್ನು ಪಟ್ಟನೆ ಮೇಲೆತ್ತುತ್ತದೆ, ಅಷ್ಟು ಒಳ್ಳೆಯದು. ಆಮೇಲೆ ಅದನ್ನು ಓರೆ ಮಾಡಿ ತಿರುಗಿಸಲು ಅವರ ತೂಕ ಸಾಲುವುದಿಲ್ಲ. ನೇರ ಹೋಗುತ್ತಲೇ ಇರುತ್ತಾರೆ, ಬೇಜಾರಾಗುತ್ತದೆ. ಅವರಿಗೆ 65 ಇಂಚಿನದು. ದಂಪತಿ ಇಬ್ಬರೂ 67 ಒಂದನ್ನೇ ತೆಗೆದುಕೊಂಡು ಹಂಚಿಕೊಳ್ಳುವುದನ್ನು ನೋಡಿದ್ದೇನೆ. ನಡೆಯುತ್ತದೆ, ಇಬ್ಬರಿಗೂ ಸರಿಯಾಗಿ ಹೊಂದುವುದಿಲ್ಲ. ಮೇಲಿಂದ ಬೂಟಿನ ತಕರಾರು ಬೇರೆ: ಇಬ್ಬರ ಪಾದದ ಅಳತೆ ಬೇರೆ, ಒಬ್ಬರಿಗೆ ಎಡಗಾಲು ಮುಂದೆ, ಇನ್ನೊಬ್ಬರಿಗೆ ಬಲಗಾಲು ಮುಂದೆ ಇದ್ದರಂತೂ ಪ್ರತಿ ಸಲ ಸ್ಕ್ರೂಡ್ರೈವರ್ ಹಿಡಿದು ಕೂರಬೇಕು. ಆ 400 ಡಾಲರ್‌ನಲ್ಲಿ ಅವರಿಗೆ ಬಳಸಿದ 65 ಒಂದನ್ನು ಹುಡುಕಿ.

ಬೂಟಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಸ್ಕೀ ಸ್ವಲ್ಪ ತಪ್ಪಾದರೆ ಆಟ ಕೆಡುತ್ತದೆ, ಬೂಟು ತಪ್ಪಾದರೆ ಕಾಲು ಕೆಡುತ್ತದೆ. ಮುಂದಿನ ಬೂಟು ಒದ್ದೆ ಕಾಲಿಗೆ ಹಾಕಿ ನೋಡಿದಾಗ ಬಿಗಿಯಾಗಿರಬೇಕು, ಮಂಡಿ ಮುಂದಕ್ಕೆ ಬಾಗಿಸಿದರೆ ಹಿಮ್ಮಡಿ ಮೇಲೇಳಬಾರದು. ಹಾಗಂತ ಜೋಮು ಹಿಡಿಯುವಷ್ಟು ಕಟ್ಟಿದರೆ ಬಿದ್ದಾಗ ಕಾಲು ಬಿಡಿಸಿಕೊಳ್ಳುವುದಿಲ್ಲ. ಹಿಂದಿನ ಕಾಲಿಗೆ ಎರಡು ದಾರಿ ಇವೆ. ಒಂದು, ಪಾದದ ಮುಂಭಾಗ ಮಾತ್ರ ತೂರಿಸುವ ಪಟ್ಟಿ. ಕಾಂಬೋದಲ್ಲಿ ನಿಮಗೆ ಇದೇ ಅಭ್ಯಾಸ ಆಗಿರುತ್ತದೆ. ಇನ್ನೊಂದು, ಪೂರ್ತಿ ಬೂಟು. ಎರಡೂ ಕಾಲಿಗೆ ಬೂಟು ಹಾಕುವವರಿಗೆ ಒಂದು ನಿಯಮ ಇದೆ: ಬಿದ್ದಾಗ ಎರಡೂ ಕಾಲು ಬಿಡಬೇಕು, ಇಲ್ಲವೇ ಎರಡೂ ಒಳಗೇ ಇರಬೇಕು. ಒಂದು ಬಿಟ್ಟು ಒಂದು ಸಿಕ್ಕಿಕೊಂಡರೆ ಸ್ಕೀ ಆ ಕಾಲನ್ನು ತಿರುಚುತ್ತದೆ. ಸದ್ಯಕ್ಕೆ ನೀವು ಹಿಂದಿನ ಕಾಲಿಗೆ ಪಟ್ಟಿಯನ್ನೇ ಇಟ್ಟುಕೊಳ್ಳಿ. ನೀರಿನಿಂದ ಏಳುವಾಗ ಹಿಂದಿನ ಕಾಲು ಆಚೆ ಚಾಚಿಕೊಂಡು ಸಮತೋಲ ಮಾಡಿಕೊಂಡು, ಎದ್ದ ಮೇಲೆ ತೂರಿಸುವವರೂ ಇದ್ದಾರೆ. ಪೂರ್ತಿ ಬೂಟಿನಲ್ಲಿ ಆ ಅನುಕೂಲ ಇಲ್ಲ.

ಫಿನ್ ಮುಟ್ಟಬೇಡಿ. ಅಷ್ಟೇ. ಅದರ ಉದ್ದ, ಆಳ, ಬಾಲದಿಂದ ದೂರ ಇವನ್ನು ಇಂಚಿನ ಸಾವಿರದಲ್ಲಿ ಒಂದು ಭಾಗದ ಲೆಕ್ಕದಲ್ಲಿ ಕ್ಯಾಲಿಪರ್ ಹಿಡಿದು ಹೊಂದಿಸುವವರಿದ್ದಾರೆ. ಅದು ಅವರ ಸಂತೋಷ. ಕಂಪನಿ ಹೇಳಿದ ಅಳತೆಯಲ್ಲೇ ಬಿಡಿ.

ಬಳಸಿದ ಸ್ಕೀ ಕೊಳ್ಳುವುದಾದರೆ ಬಿಸಿಲಿನಲ್ಲಿ ನಿಂತು ನೋಡಿ, ಗ್ಯಾರೇಜಿನ ಬಲ್ಬಿನ ಕೆಳಗೆ ಬೇಡ. ಮೊದಲು ಫಿನ್ ಕೂರುವ ಜಾಗದ ಸುತ್ತ ಸಣ್ಣ ಬಿರುಕು ಇದೆಯಾ ನೋಡಿ. ನೀರು ಒಳಗೆ ಹೋಗೋಕೆ ಶುರುವಾಗುವುದು ಅಲ್ಲಿ. ಹೆಬ್ಬೆರಳಿನಿಂದ ತಳವನ್ನು ಅಲ್ಲಲ್ಲಿ ಒತ್ತಿ. ಎಲ್ಲಾದರೂ ಮೆತ್ತಗೆ ಒಳಗೆ ಹೋದರೆ, ಕರಕರ ಅಂದರೆ, ಪದರ ಬಿಟ್ಟಿದೆ. ಅಲ್ಲಿಗೆ ಮಾತು ಮುಗಿಸಿ ಮನೆಗೆ ಬನ್ನಿ. ಮುಂದಿನ ಬೂಟಿನ ಕೆಳಗೆ ಅಡ್ಡಡ್ಡ ಗೆರೆ ಇದ್ದರೂ ಬೇಡ. ಬೂಟಿನ ಸ್ಕ್ರೂ ಒಂದೊಂದನ್ನೂ ಬಿಚ್ಚಿ ಮತ್ತೆ ಹಾಕಿ ನೋಡಲು ಬಿಡಿ ಅಂತ ಕೇಳಿ. ಸುತ್ತುತ್ತಲೇ ಇದ್ದು ಬಿಗಿಯಾಗದಿದ್ದರೆ ಒಳಗಿನ ಥ್ರೆಡ್ ಹೋಗಿದೆ. ರಬ್ಬರು ಒಣಗಿ ಸೀಳಿದ್ದರೆ ಹೊಸ ಬೂಟಿನ ಬೆಲೆಯನ್ನೂ ಸೇರಿಸಿ ಲೆಕ್ಕ ಹಾಕಿ, ಆ ಬೂಟು ಈ ಸ್ಕೀಯ ತೂತುಗಳಿಗೆ ಹೊಂದುತ್ತದಾ ಅನ್ನುವುದನ್ನೂ ಕೇಳಿಕೊಳ್ಳಿ. ತಳದ ಮೇಲಿನ ಸಣ್ಣಪುಟ್ಟ ಗೀರು, ಬಣ್ಣ ಹೋಗಿರುವುದು, ಇವಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಬೆಲೆ ಇಳಿಸಲು ಮಾತ್ರ ಬಳಸಿಕೊಳ್ಳಿ.

ಹೊಸದು ಕೊಳ್ಳುವುದಾದರೆ ಒಂದು ವಿಷಯ ಗೊತ್ತಿರಲಿ. ಸೆನೇಟ್, ಓಮ್ನಿ ಇಂಥವು ಒಂದೇ ಆಕಾರದಲ್ಲಿ ಎರಡು ಮೂರು ಬೆಲೆಗೆ ಬರುತ್ತವೆ. ದುಬಾರಿಯದರಲ್ಲಿ ಕಾರ್ಬನ್ ಜಾಸ್ತಿ, ಒಳಗಿನ ತಿರುಳು ಹಗುರ. ಅಗ್ಗದ್ದರಲ್ಲಿ ಫೈಬರ್‌ಗ್ಲಾಸ್ ಜಾಸ್ತಿ, ಸ್ವಲ್ಪ ಭಾರ, ಸ್ವಲ್ಪ ಮೆತ್ತಗೆ. ನಿಮ್ಮ ವೇಗಕ್ಕೆ ಆ ಮೆತ್ತಗಿನದೇ ಚೆನ್ನಾಗಿ ಬಾಗುತ್ತದೆ. ಉಳಿದ ದುಡ್ಡು ಬೂಟಿಗೆ ಹಾಕಿ. ಸ್ಕೀ ಅಂಗಡಿಗಳಲ್ಲಿ, ಕಲಿಸುವ ಶಾಲೆಗಳಲ್ಲಿ ಡೆಮೊಗೆ ಕೊಡುವ ಪದ್ಧತಿ ಇದೆ, ಕೇಳಿ ನೋಡಿ. ಆದರೆ ಅವರ ಇನ್‌ಬೋರ್ಡ್ (ಎಂಜಿನ್ ಒಳಗೇ ಇರುವ) ಬೋಟಿನ ಹಿಂದೆ ಚೆನ್ನಾಗಿತ್ತು ಅಂತ ಅಲ್ಲೇ ಕಾರ್ಡ್ ತೆಗೆಯಬೇಡಿ. ಸ್ಕೀಗಾಗಿಯೇ ಮಾಡಿದ ಬೋಟಿನ ಎಳೆತ ಜೋರು, ಹಿಂದೆ ಏಳುವ ವೇಕ್, ಅಂದರೆ ಅಲೆ, ಚಿಕ್ಕದು, ಅಲ್ಲಿ ಎಲ್ಲ ಸ್ಕೀಯೂ ಚೆನ್ನಾಗಿಯೇ ಇರುತ್ತದೆ. ಮನೆಗೆ ತಂದು ಟ್ರೈಟೂನ್ ಹಿಂದೆ ಹಾಕಿ ನೋಡುವುದಾದರೆ ಡೆಮೊಗೆ ಅರ್ಥ ಇದೆ.

ಅಗಲದ್ದು ಕೊಂಡರೆ ಎರಡೇ ವರ್ಷಕ್ಕೆ ಸಾಕಾಗಿಬಿಡುತ್ತದೇನೋ ಅಂತ ನಿಮಗೆ ಅನ್ನಿಸಬಹುದು. ಈ ಬೋಟಿನ ಹಿಂದೆ ಇರುವವರೆಗೂ ಹಾಗಾಗುವುದಿಲ್ಲ, ಯಾಕೆಂದರೆ ಬೋಟು ಜೋರಾಗುವುದಿಲ್ಲವಲ್ಲ. ಮುಂದೆ ಯಾವಾಗಲಾದರೂ ಇನ್‌ಬೋರ್ಡ್ ಬೋಟು ಸಿಕ್ಕಿ, 32 ಮೈಲಿಯಲ್ಲಿ ಎರಡೂ ಕಡೆಯ ವೇಕ್ ದಾಟಿ ಸಲೀಸಾಗಿ ತಿರುಗುವ ಹಾಗಾದರೆ ಆಗ ಕಿರಿದಾದದ್ದು ನೋಡಿ. ಆಗಲೂ ನಿಮ್ಮ ತೂಕಕ್ಕೆ 67 ಅಥವಾ 68. ಅದಕ್ಕಿಂತ ಕೆಳಗೆ ಹೋಗಬೇಡಿ.